ಗಲೀಫು ಬಿಚ್ಚುವ ನೌಕರಿ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಅರಿವೆ ಇದೆ. ಅಂಗೈಯಗಲದ ತುಂಡು. ಒಂದು ಕಾಲಕ್ಕೆ ಗಿಳಿಹಸಿರು, ಈಗ ಅರ್ಧಕ್ಕರ್ಧ ಎಣ್ಣೆ ಕುಡಿದು ಕಪ್ಪಾಗಿದೆ. ಮೂಲೆಯಲ್ಲೊಂದು ಟಿಚ್ ಗುಂಡಿ. ಎರಡು ಸಲ ಸೋಡಾಪುಡಿ ಹಾಕಿ ಕುದಿಸಿದರೂ ಎಣ್ಣೆ ಬಿಡಲಿಲ್ಲ. ಪೆನ್ನು ಹುಡುಕಲು ಕೈ ಹಾಕಿದರೆ ಸಾಕು, ಆ ಗುಂಡಿ ಬೆರಳಿಗೆ ತಾಗುತ್ತದೆ, ನಾನು ಪೆನ್ನು ಮರೆತು ಕೂರುತ್ತೇನೆ. ಇವತ್ತೂ ಹಾಗೇ ಆಯಿತು. ಗ್ಯಾಸ್ ಬುಕಿಂಗ್ ನಂಬರ್ ಬರೆದುಕೊಳ್ಳಬೇಕಿತ್ತು, ಫೋನಿನಲ್ಲಿ ಯಾರೋ ಹೇಳುತ್ತಿದ್ದರು, ಅದು ಹೋಯಿತು. ಸಿಲಿಂಡರ್ ಬರುವುದು ಇನ್ನು ಒಂದು ವಾರ ತಡ. ನೀವಾದರೂ ಈ ಅರಿವೆಯ ಕಥೆ ಕೇಳಿ.

ಇದು ನಮ್ಮ ರೇಡಿಯೋದ ಗಲೀಫು. ದಿಂಬಿಗೆ ತೊಡಿಸುವ ಚೀಲಕ್ಕೆ ನಮ್ಮ ಸಿಂಧನೂರು ಕಡೆ ಗಲೀಫು ಅನ್ನುತ್ತೇವೆ. ಗಲೀಫು ದಿಂಬಿಗಷ್ಟೇ ಎಂದು ತಿಳಿದವರು ನಮ್ಮವ್ವನನ್ನು ಕಂಡವರಲ್ಲ. ರೇಡಿಯೋಕ್ಕೆ, ಟೀವಿಗೆ, ಮಿಕ್ಸರಿಗೆ, ಕುಕ್ಕರಿಗೆ, ಅಪ್ಪನ ಸೈಕಲ್ಲಿನ ಸೀಟಿಗೆ, ಕಡೆಗೆ ಗೋಡೆಯ ಗಡಿಯಾರಕ್ಕೂ ಅವಳು ಗಲೀಫು ಹೊಲಿದಿದ್ದಳು. ಗಡಿಯಾರದ್ದಕ್ಕೆ ನಡುವೆ ದುಂಡಗೆ ಕತ್ತರಿಸಿ ಪ್ಲಾಸ್ಟಿಕ್ ಹಾಳೆ ಕೂರಿಸಿದ್ದಳು. ಟೀವಿ ರಿಮೋಟಿಗೆ ಎರಡು. ಒಂದು ದಿನಬಳಕೆಗೆ, ಇನ್ನೊಂದು ಬೀಗರು ಬಂದಾಗ. ಹೊಲಿಗೆ ಮಷೀನಿಗೂ ಒಂದು, ಅದನ್ನು ಅದೇ ಮಷೀನಿನ ಮೇಲೆ ಹೊಲಿದದ್ದು. ನಮ್ಮ ಮನೆಯಲ್ಲಿ ಗಲೀಫಿಲ್ಲದೆ ಇದ್ದದ್ದು ಗೋಡೆಯ ಮೇಲಿನ ಬುದ್ಧನ ಪಟ ಒಂದೇ. ಅದನ್ನು ಅವಳು ದಿನಾ ಸೆರಗಿನಿಂದ ಒರೆಸುತ್ತಿದ್ದಳು.

ಯಾವುದಕ್ಕೆ ಯಾವ ಅರಿವೆ ಅನ್ನುವುದು ಅವಳ ತಲೆಯಲ್ಲಿತ್ತು. ರೇಡಿಯೋಕ್ಕೆ ಅವಳ ಮದುವೆಯ ವರ್ಷದ ಗಿಳಿಹಸಿರು ಸೀರೆ. ಟೀವಿಗೆ ನನ್ನ ಶಾಲೆಯ ನೀಲಿ ಲಂಗ. ಮಿಕ್ಸರಿಗೆ ಅಪ್ಪನ ಖಾಕಿ ಪ್ಯಾಂಟು. ಆ ಮಿಕ್ಸರು ಚಟ್ನಿ ರುಬ್ಬದೆ ಸುಮ್ಮನೆ ನಿಂತಾಗ ಒಬ್ಬ ಗಿಡ್ಡ ಪೊಲೀಸಿನವನು ಅಡುಗೆಮನೆ ಕಾಯುತ್ತಿರುವಂತೆ ಕಾಣುತ್ತಿತ್ತು. ಪಕ್ಕದ ಮನೆಯ ಹಸೀನಾ ಚಾಚಿ ಗೋಡೆಯ ಆಚೆಯಿಂದ ಕೆಣಕುತ್ತಿದ್ದಳು. "ಅಕ್ಕಾ, ಎಲ್ಲಾಕೂ ಆತು. ಗಂಡಗೂ ಒಂದು ಗಲೀಫ ಹೊಲದ್ಬುಡು."

"ಹೊಲದೀನಿ ಬೇ," ಅವ್ವ ಮಷೀನಿನಿಂದ ತಲೆ ಎತ್ತದೆ ಹೇಳುವಳು. "ತೊಟ್ಕೊಳ್ಳಾಕ ಒಲ್ಲೆ ಅಂತಾನ."

ಯಾಕೆ ಇಷ್ಟೊಂದು ಗಲೀಫು ಅಂತ ಕೇಳಿದರೆ ಧೂಳು ಅನ್ನುತ್ತಿದ್ದಳು. ಸುಳ್ಳಲ್ಲ. ಕಾಲುವೆ ನೀರು ಬಂದು ಭತ್ತ ಬಂತು, ಭತ್ತದ ಹಿಂದೆ ಗಿರಣಿ ಬಂದವು, ಗಿರಣಿಯ ಹೊಟ್ಟಿನ ಬೂದಿ ಒಣಹಾಕಿದ ಹಪ್ಪಳದ ಮೇಲೆ ಬಂದು ಕೂತಿತು. ಆದರೆ ಒಂದು ದಿನ ನಾನು ಬಿಡದೆ ಜುಲುಮೆ ಮಾಡಿದಾಗ ಬೇರೆ ಮಾತು ಹೇಳಿದಳು. ಅವಳ ತವರು ಮಸ್ಕಿ ಹತ್ತಿರದ ಸಂತೆಕಲ್ಲೂರು. ಜೋಳದ ಹೊಲದಲ್ಲಿ ಕೂಲಿ ಮಾಡಿದ ಮನೆ. "ನಮ್ಮ ಮನ್ಯಾಗ ಮುಚ್ಚಿಡಾಕ ಏನರ ಇತ್ತೇನಬೇ? ಒಂದು ಕೊಡ, ಎರಡು ಗಂಗಾಳ. ಇವತ್ತು ಮುಚ್ಚಿಡಂಥಾದ್ದು ಐತಿ, ಮುಚ್ಚತೀನಿ." ಅಪ್ಪನಿಗೆ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಸಿಕ್ಕು, ತುರ್ವಿಹಾಳದ ಕಡೆ ಡ್ಯೂಟಿ ಬಿದ್ದು, ಅವರಿಬ್ಬರೂ ಮೊದಲು ತಂದ ಸಾಮಾನು ಆ ರೇಡಿಯೋ. ತಂದ ಸಂಜೆಯೇ ಅದಕ್ಕೆ ಸೀರೆ ಹರಿದಳಂತೆ. ಹಾಡು ಕೇಳುವುದಕ್ಕಿಂತ ಮೊದಲು.

ಇನ್ನು ನನ್ನ ಕೆಲಸದ ಮಾತು. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಹೇಳಿದರೆ ನೀವು ಪುಟ ತಿರುವುತ್ತೀರೋ ಅಂತ ಭಯ. ಚುಟುಕಾಗಿ ಹೇಳುತ್ತೇನೆ.

ನಾನು ಮೊದಲು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬಂದು, ರವಿವಾರ ಕೂತು ಒಂದು ಬ್ರೌಸರಿನ ಎಂಜಿನ್ನಿನ ಕೋಡು ತಿದ್ದುವ ಚಟ ಹತ್ತಿಸಿಕೊಂಡೆ. ನೀವು ಫೋನಿನಲ್ಲಿ ಪೇಪರು ಓದುತ್ತೀರಲ್ಲ, ಆ ಪುಟವನ್ನು ತೆರೆದು ತೋರಿಸುವ ಯಂತ್ರವೇ ಆ ಎಂಜಿನ್. ಅದರ ಕೋಡು ಬಾಗಿಲು ತೆರೆದಿಟ್ಟ ಮನೆ. ಯಾವ ಊರಿನವರು ಬೇಕಾದರೂ ತಿದ್ದಿ ಕಳಿಸಬಹುದು, ಸರಿಯಿದ್ದರೆ ಇಟ್ಟುಕೊಳ್ಳುತ್ತಾರೆ. ತಿದ್ದಿ ತಿದ್ದಿ ಕಡೆಗೆ ಅದೇ ನನಗೆ ಸಿಂಧನೂರಿನ ನಮ್ಮ ಮನೆಯಲ್ಲೇ ಕೂತು ಮಾಡುವ ನೌಕರಿಯಾಯಿತು. ನಮ್ಮ ಓಣಿಯವರಿಗೆ ಮಾತ್ರ ನಾನು ಇವತ್ತಿಗೂ ಕಂಪ್ಯೂಟರ್ ಸೆಂಟರಿನಾಕೆ. "ಅಕ್ಕಾರ, ಒಂದು ಪಹಣಿ ತಕ್ಕೊಡ್ರಿ" ಅಂತ ಬಾಗಿಲಿಗೆ ಬರುತ್ತಾರೆ. ತೆಗೆದೂ ಕೊಡುತ್ತೇನೆ, ಏನು ಮಾಡುವುದು.

ಆ ಎಂಜಿನ್ನಿನ ಒಳಗೆ ಪುಟದ ಪ್ರತಿಯೊಂದು ಚಿತ್ರ, ಗುಂಡಿ, ಹಾಡು ಒಂದೊಂದು ಸಾಮಾನಿದ್ದಂತೆ. ಪುಟ ಬರೆದವರು ಆ ಸಾಮಾನನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ; ಎಂಜಿನ್ನಿನ ಭಾಷೆ ಬೇರೆ, ಅವರ ಭಾಷೆ ಬೇರೆ. ಅದಕ್ಕೇ ಪ್ರತಿ ಸಾಮಾನಿಗೂ ಒಂದು ಹೊದಿಕೆ, ಹಿಡಿಯಲು ಅನುಕೂಲವಾಗಲಿ ಅಂತ. ಹಳಬರು ಒಂದು ರೀತಿಯಲ್ಲಿ ಹೊದಿಕೆ ಹಾಕಿದರು, ಆಮೇಲೆ ಬೇರೆ ರೀತಿ ಬಂತು, ಹಳೆಯ ಹೊದಿಕೆಗಳು ಯಾರಿಗೂ ಬೇಡವಾಗಿ ಹಾಗೇ ಉಳಿದವು. ಅವನ್ನು ತೆಗೆದುಹಾಕುವುದು ನನ್ನ ಪಾಲಿಗೆ ಬಂತು. ರೀತಿ ಸರಳ. ಈ ಹೊದಿಕೆಯನ್ನು ಯಾರಾದರೂ ಬಳಸುತ್ತಾರೋ ಅಂತ ಕೋಡೆಲ್ಲ ಹುಡುಕುವುದು. ಯಾರೂ ಇಲ್ಲವೆಂದರೆ ಕಿತ್ತು ಹಾಕುವುದು, ಎಲ್ಲಾದರೂ ಕೆಟ್ಟಿತೋ ಅಂತ ಪರೀಕ್ಷೆ ಓಡಿಸುವುದು, ಎಲ್ಲೋ ದೂರ ದೇಶದಲ್ಲಿ ಕೂತು ನನ್ನ ಕೆಲಸ ತಿದ್ದುವ ಹಿರಿಯರಿಗೆ ಕಳಿಸುವುದು. ಕೋಡು ಬರೆಯುವುದಕ್ಕಿಂತ ಅಳಿಸುವುದರಲ್ಲಿ ಸುಖ ಹೆಚ್ಚು. ಬಲ್ಲವರು ಬಲ್ಲರು.

ಇದನ್ನು ಒಂದು ಮಧ್ಯಾಹ್ನ ಅವ್ವನಿಗೆ ತಿಳಿಸಿ ಹೇಳುವ ಪ್ರಸಂಗ ಬಂತು. "ದಿನಾ ಆ ಡಬ್ಬಿ ಮುಂದ ಕುಂತು ಏನ್ ಮಾಡ್ತೀಬೇ ನೀ?" ಅಂದಳು.

"ಒಳಗಿನ ಸಾಮಾನಿಗೆಲ್ಲ ಹಿಂದಕ ಯಾರೋ ಗಲೀಫ ಹೊಲದಾರವ್ವ. ಈಗ ಅವು ಯಾರಿಗೂ ಬ್ಯಾಡಾಗ್ಯಾವ. ನಾ ಒಂದೊಂದ ಬಿಚ್ಚಾಕತ್ತೀನಿ."

ಮಷೀನು ನಿಂತಿತು. ಅವ್ವ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಹೊಲಿಯಾಕ ಕಲಿ ಅಂತ ಬಡಕೊಂಡೆ, ಕಲೀಲಿಲ್ಲ. ಬಿಚ್ಚಾಕ ನಿನಗ ಪಗಾರ ಕೊಡ್ತಾರ! ಎಂಥಾ ಮಂದಿ ಅದಾರ ನಿಮ್ಮವರು!"

ಹೊರಸಿನ ಮೇಲೆ ಮಲಗಿದ್ದ ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅದೇ ಮಾತು. "ನಮ್ಮ ಮಗಳದು ಗಲೀಫ ಬಿಚ್ಚೋ ನೌಕರಿ ರೀ. ಪಗಾರ ಕೊಡ್ತಾರ." ಹಾಲು ಹಾಕುವವನಿಗೂ ಹೇಳಿದ್ದ.

ಅವ್ವ ಹೋಗಿ ಎರಡು ವರ್ಷವಾಯಿತು. ಮೂರು ದಿನದ ಜ್ವರ, ಅಷ್ಟೇ. ಮೂರನೆಯ ದಿನ ಕೂಡ ಆಸ್ಪತ್ರೆಯ ದಿಂಬಿನ ಗಲೀಫು ನೋಡಿ "ಹೊಲಿಗಿ ಕಚ್ಚಾ ಐತಿ" ಅಂದಿದ್ದಳು. ಅವಳ ಬಗ್ಗೆ ಇನ್ನೂ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ, ನೀವು ಮನ್ನಿಸಬೇಕು.

ಅಪ್ಪನಿಗೆ ಮರೆವು ಅದಕ್ಕೂ ಮೊದಲೇ ಶುರುವಾಗಿತ್ತು. ಮೊದಲು ಜನರ ಹೆಸರು ಹೋದವು, ಆಮೇಲೆ ತಿಂಗಳು, ಆಮೇಲೆ ಅಂಗಡಿಯಿಂದ ಮನೆಗೆ ಬರುವ ಹಾದಿ. ಅವ್ವ ಹೋದ ಮೇಲೆ ಅದು ಇನ್ನೂ ಹೆಚ್ಚಿತು. ಅವಳು ಹೋದದ್ದೂ ಅವನಿಗೆ ಒಂದು ದಿನ ನೆನಪಿದ್ದರೆ ಒಂದು ದಿನ ಇರುತ್ತಿರಲಿಲ್ಲ. ಆದರೆ ಮನೆಯ ಒಳಗೆ ಅಪ್ಪ ಅಪ್ಪನೇ ಆಗಿದ್ದ. ಬೆಳಿಗ್ಗೆ ಎದ್ದು ಮುಖ ತೊಳೆದು ಮನೆಯೆಲ್ಲ ಒಂದು ಸುತ್ತು ಹಾಕುತ್ತಿದ್ದ. ಪ್ರತಿಯೊಂದು ಗಲೀಫಿನ ಮೇಲೂ ಕೈ ಇಟ್ಟು, "ಇದು ರೇಡಿಯೋ. ಇದು ಟೀವಿ. ಇದು ಆಕಿ ಮಷೀನು," ಅನ್ನುವನು. ಸುತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿ "ಯವ್ವಾ, ಚಾ ಇಡು" ಅಂತ ಕೂತುಬಿಡುವನು.

ನಾನು ಅದನ್ನು ಹಳೆಯ ರೂಢಿ ಅಂದುಕೊಂಡೆ. ಕಾಲುವೆಯ ಮೇಲೆ ಇಡೀ ಆಯುಷ್ಯ ಕಳೆದವನು; ಪ್ರತಿ ಗೇಟಿನ ಚಕ್ರ ಮುಟ್ಟಿ ನೋಡಿಯೇ ಮುಂದೆ ಹೋಗುವ ಮನುಷ್ಯ. ರಿಟೈರಾದರೂ ಕೈ ಬಿಟ್ಟಿಲ್ಲ ಅಂತ ನನ್ನೊಳಗೇ ನಗುತ್ತಿದ್ದೆ. ಎಷ್ಟು ಶಾಣ್ಯಾಕೆ ನೋಡಿ ನಾನು.

ಎರಡು ತಿಂಗಳ ಹಿಂದೆ ಅಪ್ಪನ ಕೆಮ್ಮು ಜೋರಾಯಿತು. ಡಾಕ್ಟರು ಎದೆ ನೋಡಿ, "ಮನ್ಯಾಗ ಧೂಳ ಹಿಡಿಯೋ ಅರಿವಿ ಗಿರಿವಿ ಇಡಬ್ಯಾಡ್ರಿ," ಅಂದರು. ಆ ವಾರವೇ ನಾನು ಎಂಜಿನ್ನಿನಿಂದ ದೊಡ್ಡದೊಂದು ಕಟ್ಟು ಹಳೆಯ ಹೊದಿಕೆ ಕಿತ್ತು ಹಾಕಿದ್ದೆ. ಪರೀಕ್ಷೆಯೆಲ್ಲ ಪಾಸು, ಹಿರಿಯರಿಂದ ಶಾಭಾಸ್‌ಗಿರಿ. ಕೈ ಹುರುಪಿನಲ್ಲಿತ್ತು. ಮನೆಯ ಗಲೀಫುಗಳಿಗೂ ಅದೇ ಪ್ರಶ್ನೆ ಹಾಕಿದೆ. ರೇಡಿಯೋವನ್ನು ಯಾರಾದರೂ ಹಚ್ಚುತ್ತಾರೇನು? ಇಲ್ಲ, ಅದು ಕೆಟ್ಟು ಎಷ್ಟೋ ಕಾಲವಾಯಿತು. ಸೈಕಲ್ ಯಾರಾದರೂ ಹೊಡೆಯುತ್ತಾರೇನು? ಇಲ್ಲ. ಒಂದೊಂದನ್ನೂ ಕೊಡವಿದರೆ ಗಿರಣಿಯ ಬೂದಿ ಹೊಗೆಯ ಹಾಗೆ ಎದ್ದಿತು. ಹದಿನಾಲ್ಕು ಗಲೀಫು ಬಿಚ್ಚಿ ಅಂಗಳದಲ್ಲಿ ಗುಡ್ಡೆ ಹಾಕಿದೆ.

ಆ ಹೊತ್ತಿಗೇ ಹುಲಿಗೆಮ್ಮ ಬರಬೇಕೇ! ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಅರಿವೆ ತೆಗೆದುಕೊಂಡು ಸ್ಟೀಲ್ ಬಾಂಡೆ ಕೊಡುವವಳು. ಲಿಂಗಸುಗೂರಿನಿಂದ ತಿಂಗಳಿಗೊಮ್ಮೆ ನಮ್ಮ ಓಣಿಗೆ ಬರುತ್ತಾಳೆ. ಗಲೀಫುಗಳ ಜೊತೆ ನನ್ನ ಎರಡು ಹಳೆಯ ಚೂಡಿದಾರವನ್ನೂ ಹಾಕಿ ಮುಚ್ಚಳದ ಡಬ್ಬಿಯೊಂದನ್ನು ಇಸಿದುಕೊಂಡೆ. ಅಷ್ಟೇ ಅಲ್ಲ. ಡಬ್ಬಿ ಸಣ್ಣದಾಯಿತು ಅಂತ ಜಗಳ ತೆಗೆದು, ಅರ್ಧ ಗಂಟೆ ಚೌಕಾಸಿ ಮಾಡಿ, ದೊಡ್ಡದನ್ನೇ ಇಸಿದುಕೊಂಡೆ. ಆ ಡಬ್ಬಿಯಲ್ಲಿ ಈಗ ರವೆ ಇದೆ. ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಅಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದು ಪಡಸಾಲೆಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟ. ಮೇಜಿನ ಮೇಲೆ ರೇಡಿಯೋ ಬರಿಮೈಯಲ್ಲಿ ಕಪ್ಪಗೆ ಕೂತಿತ್ತು. ಹತ್ತಿರ ಹೋಗಿ ಕೈ ಇಟ್ಟವನು ಬಿಸಿ ತಾಗಿದವನಂತೆ ಹಿಂದಕ್ಕೆ ತೆಗೆದುಕೊಂಡ. ಟೀವಿ ನೋಡಿದ, ಗಡಿಯಾರ ನೋಡಿದ, ಮಷೀನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಯಾರ ಮನಿ ರೀ ಇದು?"

"ನಮ್ಮ ಮನಿ ಅಪ್ಪಾ."

"ಅಲ್ರೀ. ಸಾಮಾನೆಲ್ಲ ಬ್ಯಾರೇರವು ಅದಾವ." ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. "ನಾ ಬರ್ತೀನ್ರೀ. ಮನ್ಯಾಗ ಆಕಿ ಹಾದಿ ನೋಡ್ತಿರ್ತಾಳ."

ನನ್ನ ನಲವತ್ತೈದು ವರ್ಷದ ಬಾಳಿನಲ್ಲಿ ಅಪ್ಪ ಮೊದಲ ಸಲ ನನಗೆ 'ರೀ' ಅಂದದ್ದು ಅವತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿದ್ದೆಗಣ್ಣು, ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಮರುದಿನ ಬೆಳಿಗ್ಗೆ ಸುತ್ತು ಹಾಕಲು ಎದ್ದವನು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಗೋಡೆ ಹಿಡಿದು ನಿಂತಿದ್ದ. ಚಾ ಕೇಳಲಿಲ್ಲ; ಕೊಟ್ಟರೆ ಪರರ ಮನೆಯಲ್ಲಿ ಕುಡಿಯುವಂತೆ ಸಂಕೋಚದಿಂದ ಅರ್ಧ ಲೋಟ ಕುಡಿದ. ನಾಲ್ಕನೆಯ ದಿನ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅಪ್ಪ ಇರಲಿಲ್ಲ.

ಹಸೀನಾ ಚಾಚಿ ಓಣಿ ಓಣಿ ಕೂಗಿದಳು. ನಾನು ಗಿರಣಿ ಕಡೆ, ಕಾಲುವೆ ಕಡೆ ಓಡಿದೆ. ನೀರು ನೋಡುತ್ತ ಕಾಲುವೆಯ ಗುಂಟ ಮುಂದಿನ ಗೇಟಿನವರೆಗೂ ಹೋದೆ. ಹನ್ನೊಂದು ಗಂಟೆಗೆ ಫೋನು ಬಂತು, ಮಸ್ಕಿ ಬಸ್ ನಿಲ್ದಾಣದ ಚಾದಂಗಡಿಯಿಂದ. ಅಪ್ಪನ ಕಿಸೆಯಲ್ಲಿ ನಾನು ಬರೆದಿಟ್ಟ ಚೀಟಿ ನೋಡಿ ಮಾಡಿದ್ದರು. ಹೋದೆ. ಬೆಂಚಿನ ಮೇಲೆ, ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹಾಕಿಕೊಂಡು, ಕೈಯಲ್ಲಿ ಒಂದು ಬಿಸ್ಕಿಟ್ ಪುಡಿಕೆ ಹಿಡಿದು ಕೂತಿದ್ದ.

"ಆಕಿ ತವರಿಗಿ ಬಂದಾಳ ರೀ," ಅಂದ ನನಗೆ. "ಕರ್ಕೊಂಡು ಹೋಗಾಕ ಬಂದೀನಿ. ಅಲ್ಲಿ ಮನಿ ಯಾರದೋ ಆಗೇತಿ. ಆಕಿ ಬಂದ್ರ ಹೇಳ್ತಾಳ."

ಸಂತೆಕಲ್ಲೂರಿಗೆ ಹೋಗುವ ಟಂಟಂ ಆಟೋ ಮುಂದೆಯೇ ನಿಂತಿತ್ತು. ಅಪ್ಪ ಅದನ್ನು ನೋಡುತ್ತಿದ್ದ, ನಾನು ಅಪ್ಪನನ್ನು ನೋಡುತ್ತಿದ್ದೆ. ಸುಳ್ಳು ಹೇಳಿ ಕರೆದುಕೊಂಡು ಬಂದೆ. ಆಕೆ ಹಿಂದಿನ ಬಸ್ಸಿಗೆ ಬರುತ್ತಾಳೆ ಅಂದೆ. ಮನೆ ಮುಟ್ಟುವವರೆಗೂ ಕತ್ತು ತಿರುಗಿಸಿ ಹಿಂದಿನ ಬಸ್ಸು ಕಾಣುತ್ತದೋ ಅಂತ ನೋಡುತ್ತಿದ್ದ.

ಮರುದಿನ ಹಿರಿಯರಿಂದ ಒಂದು ಪತ್ರ ಬಂದಿತ್ತು. ನಾನು ಹೊದಿಕೆ ಕಿತ್ತ ಮೇಲೆ ಕೆಲವು ಪುಟಗಳಲ್ಲಿ ಹಾಡು ಅರ್ಧಕ್ಕೇ ನಿಂತುಹೋಗುತ್ತಿದೆ ಅಂತ ದೂರು. ಎಂಜಿನ್ನಿನ ಒಳಗೆ ಆಗಾಗ ಕಸ ಗುಡಿಸುವ ಏರ್ಪಾಡು ಇರುತ್ತದೆ. ಯಾರೂ ಹಿಡಿದುಕೊಳ್ಳದ ಸಾಮಾನನ್ನು ಅದು ಗುಡಿಸಿ ಒಯ್ಯುತ್ತದೆ. ಹಾಡು ನಡೆಯುತ್ತಿರುವಾಗಲೇ ಅದನ್ನೂ ಗುಡಿಸಿಬಿಟ್ಟಿತ್ತು. ಹಿರಿಯರು ಒಂದು ಬಿರುಸು ಮಾತೂ ಆಡಿರಲಿಲ್ಲ. ಹೀಗೆ ಬರೆದಿದ್ದರು: 'ಆ ಹೊದಿಕೆ ಏನೂ ಕೆಲಸ ಮಾಡುತ್ತಿರಲಿಲ್ಲ, ನೀವು ಹೇಳಿದ್ದು ನಿಜ. ಒಳಗಿನದನ್ನು ಬಿಡದೆ ಹಿಡಿದುಕೊಂಡಿತ್ತು, ಅಷ್ಟೇ. ನಾನೂ ಗಮನಿಸಲಿಲ್ಲ.'

ಓದಿ ತಲೆಯೆತ್ತಿದರೆ ಎದುರಿಗೆ ಬರಿಮೈ ರೇಡಿಯೋ. ಪಕ್ಕದಲ್ಲಿ ಅಪ್ಪ, ಕಾಲ ಬುಡದಲ್ಲಿ ಅದೇ ಬಿಸ್ಕಿಟ್ ಪುಡಿಕೆ, ಇನ್ನೊಬ್ಬರ ಮನೆಗೆ ಬಂದು ಕೂತವನಂತೆ ಕುರ್ಚಿಯ ತುದಿಯಲ್ಲಿ. ಅಯ್ಯೋ, ನಾನೇನು ಮಾಡಿದೆ! ಅವ್ವ ಹೋದಾಗಲೂ ಮಂದಿ ಮುಂದೆ ಅಳದವಳು ಅವತ್ತು ಹೋ ಎಂದು ಅತ್ತೆ. ಅಪ್ಪ ಗಾಬರಿಯಾಗಿ, "ಯಾಕ್ರೀ, ಊರಿಂದ ಏನರ ಸುದ್ದಿ ಬಂತೇನು?" ಅಂತ ಕೇಳಿದ.

ಕೋಡಿನಲ್ಲಿ ಕಿತ್ತದ್ದನ್ನು ಮೊದಲಿನಂತೆ ಮಾಡಲು ಒಂದು ಸಾಲು ಸಾಕು. ಬರೆದೆ, ಹೊದಿಕೆಯೆಲ್ಲ ಇದ್ದಲ್ಲಿ ಬಂದು ಕೂತವು, ಹಾಡು ಮತ್ತೆ ಕೊನೆಯವರೆಗೂ ನಡೆಯಿತು. ಎದ್ದು ಮುಖ ತೊಳೆದು, ಅಪ್ಪನನ್ನು ಚಾಚಿಯ ಹತ್ತಿರ ಬಿಟ್ಟು, ಲಿಂಗಸುಗೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಆ ಸ್ಟೀಲ್ ಡಬ್ಬಿ.

ಹುಲಿಗೆಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಊರ ಮಂದಿಯ ಅರಿವೆ. ನಾನು ಡಬ್ಬಿ ಮುಂದಿಟ್ಟು, ಅವು ಅವ್ವ ಹೊಲಿದದ್ದು ಅಂತ ಹೇಳಿ ಗಲೀಫು ಕೇಳಿದಾಗ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ನಮ್ಮವ್ವ! ಸೀರಿ, ಅಂಗಿ ಇದ್ರ ಸಂತ್ಯಾಗ ಮಾರ್ತೀವಿ. ಅವು ತುಂಡಾ ಪಂಡಾ ಇದ್ವು. ಗ್ಯಾರೇಜಿನೋರು ಒರಸಾಕ ತಗೊಂಡ್ರು."

"ಎಲ್ಲಾ?"

"ಎಲ್ಲಾ." ಅವಳು ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. "ಮೊದಲ ಹೇಳಿದ್ರ ಕಟ್ಟಿ ಇಡ್ತಿದ್ದೆ ಯವ್ವಾ. ನಿಮ್ಮವ್ವನ ಕೈಯಾಗಿಂದು ಅಂತ ನನಗೇನ ಗೊತ್ತು."

ಗ್ಯಾರೇಜಿನ ಮೇಸ್ತ್ರಿ ಒಳ್ಳೆಯ ಮನುಷ್ಯ. ಟ್ರ್ಯಾಕ್ಟರಿನ ಕೆಳಗಿಂದ ಎದ್ದು ಬಂದು, ಚಿಂದಿಯ ಡಬ್ಬ ಸುರಿದು, ನನ್ನ ಜೊತೆ ಕುಕ್ಕುರುಗಾಲಲ್ಲಿ ಕೂತು ಹುಡುಕಿದರು. ಸಿಕ್ಕದ್ದು ಡ್ರಾಯರಿನ ಇದೊಂದೇ ತುಂಡು, ರೇಡಿಯೋದ ಗಲೀಫಿನ ಗುಂಡಿ ಇದ್ದ ಮುಚ್ಚಳ. "ಮೆತ್ತಗಿದ್ವು ನೋಡ್ರಿ ಆ ಅರಿವಿ. ಎಣ್ಣಿ ಛಲೋ ಹೀರತಿದ್ವು," ಅಂದರು, ಸಮಾಧಾನಕ್ಕೆ. ಮನೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಮೂಸಿ ನೋಡಿ, "ಡೀಸೆಲ್ ನಾರತೈತಿ," ಅಂತ ಕೆಳಗೆ ಇಟ್ಟ.

ಇನ್ನು ಉಳಿದದ್ದು ನಾನು. ಅವ್ವನ ಮಷೀನಿನ ಮುಂದೆ ಕೂತೆ. ಟ್ರಂಕಿನಲ್ಲಿ ಅವಳ ಮೂರು ಸೀರೆ ಉಳಿದಿದ್ದವು. ಒಂದು ಹೆಚ್ಚುಕಡಿಮೆ ಅದೇ ಹಸಿರು. ಅದಕ್ಕೇ ಕತ್ತರಿ ಹಾಕಿದೆ. ದಾರ ಹೇಗೆ ಹಾಯಿಸುವುದು ಅಂತ ಚಾಚಿ ತೋರಿಸಿದಳು, ಬಾಬಿನ್ ಹೇಗೆ ಕೂರಿಸುವುದು ತೋರಿಸಿದಳು, ಕಡೆಗೆ "ನಿಮ್ಮವ್ವನ ಹೊಟ್ಟ್ಯಾಗ ಹೆಂಗ ಹುಟ್ಟಿದೆಬೇ ನೀ!" ಅಂತ ಕೈ ಚೆಲ್ಲಿದಳು. ಲಕ್ಷಗಟ್ಟಲೆ ಸಾಲಿನ ಕೋಡಿನಲ್ಲಿ ತಪ್ಪಿಲ್ಲದೆ ತಿರುಗಾಡುವವಳಿಗೆ ಒಂದು ಗೇಣು ಅರಿವೆಯ ಮೇಲೆ ನೆಟ್ಟಗೆ ಹೋಗಲು ಬರಲಿಲ್ಲ. ಮೂರು ವಾರ ಹಿಡಿಯಿತು, ಒಂದು ರೇಡಿಯೋದ ಗಲೀಫಿಗೆ. ಟಿಚ್ ಗುಂಡಿ ಮಾತ್ರ ಕೈಯಲ್ಲಿ ಗಟ್ಟಿಯಾಗಿ ಹೊಲಿದೆ.

ಮೊನ್ನೆ ಬೆಳಿಗ್ಗೆ ಅದನ್ನು ರೇಡಿಯೋಕ್ಕೆ ತೊಡಿಸಿ, ಅಪ್ಪ ಎದ್ದು ಬರುವುದನ್ನೇ ಕಾದೆ. ಬಂದ. ಹಸಿರು ಕಂಡು ನಿಂತ. ಮೆಲ್ಲಗೆ ಹತ್ತಿರ ಹೋಗಿ ಅಂಗೈ ಇಟ್ಟ. ಅಂಗೈ ಸರಿದು ಅಂಚಿಗೆ ಬಂತು, ಹೆಬ್ಬೆರಳು ಹೊಲಿಗೆಯ ಗುಂಟ ಹೋಯಿತು, ಸೊಟ್ಟಗಾದಲ್ಲಿ ನಿಂತಿತು.

"ಇದನ್ನ ಯಾರು ಹೊಲದಾರ?"

"ನಾ ಹೊಲದೀನಿ ಅಪ್ಪಾ."

ತಿರುಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣಲ್ಲಿ ಒಂದು ಕರುಣೆ ಬಂತು. "ಇರ್ಲಿ ಬಿಡ್ರಿ. ಹೊಸದಾಗಿ ಕಲಿಯೋರದು ಹಿಂಗ ಆಗೋದು. ನಮ್ಮನ್ಯಾಕಿ ತವರಿಗಿ ಹೋಗ್ಯಾಳ. ಬಂದಮ್ಯಾಲ ಬರ್ರಿ, ಕಲಸ್ತಾಳ. ಬೈತಾಳ, ಆದ್ರ ಕಲಸ್ತಾಳ."

"ಬರ್ತೀನ್ರೀ," ಅಂದೆ.

"ನಮ್ಮ ಮಗಳಿಗೂ ಕಲಸಾಕ ಭಾಳ ನೋಡಿದ್ಲು. ಆಕಿ ಕಲೀಲಿಲ್ಲ." ಅಪ್ಪನ ಮುಖ ಅರಳಿತು, ನಗು ಬಂತು, ಎಷ್ಟೋ ದಿನದ ಮೇಲೆ ಅದೇ ಹಳೆಯ ನಗು. "ಆಕೀದು ಗಲೀಫ ಬಿಚ್ಚೋ ನೌಕರಿ ರೀ. ಪಗಾರ ಕೊಡ್ತಾರ!"

ನಕ್ಕು ನಕ್ಕು ಕೆಮ್ಮು ಹತ್ತಿತು. ನೀರು ತಂದು ಕೊಟ್ಟೆ. ಎರಡೂ ಕೈಯಿಂದ ಲೋಟ ಇಸಿದುಕೊಂಡು, "ಪುಣ್ಯಾತ್ಗಿತ್ತಿ ಅದೀರಿ," ಅಂದ. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲ ಕಡೆ ನೋಡತೊಡಗಿದ.

ನಾನು ರೇಡಿಯೋದ ಗಲೀಫು ತೆಗೆದುಕೊಂಡು ಮಷೀನಿನ ಮುಂದೆ ಕೂತು, ಸೊಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಅದಕ್ಕೆ ಹೊತ್ತು ಹಿಡಿಯಲಿಲ್ಲ. ಬಿಚ್ಚುವುದರಲ್ಲಿ ನನ್ನ ಕೈ ಪಳಗಿದೆ.